ನೆಲ ಬಂತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?

1985ರ ಜೂನ್ 11. ಶುಕ್ರ ಗ್ರಹದ ಮೋಡಗಳನ್ನು ದಾಟಿ ಕೆಳಗಿಳಿಯುತ್ತಿದ್ದ ಒಂದು ನೌಕೆಗೆ ಇದ್ದಕ್ಕಿದ್ದಂತೆ ಜೋರು ಏಟು ಬಿತ್ತು. ಅದು ಗಾಳಿಯ ಏಟು. ನೌಕೆ ಅದನ್ನು ನೆಲ ಅಂದುಕೊಂಡಿತು. ನೆಲ ಮುಟ್ಟಿದ ಮೇಲೆ ಮಾಡಬೇಕು ಅಂತ ಹೇಳಿಕೊಟ್ಟಿದ್ದ ಕೆಲಸವನ್ನೆಲ್ಲ ಅಲ್ಲೇ ಶುರು ಹಚ್ಚಿಕೊಂಡಿತು. ಮಣ್ಣು ಕೊರೆಯಬೇಕಿದ್ದ ಬೈರಿಗೆ ಬರೀ ಗಾಳಿಯಲ್ಲಿ ತಿರುಗಿತು. ನಿಜವಾದ ನೆಲ ಇನ್ನೂ ಸುಮಾರು 20 ಕಿಲೋಮೀಟರ್ ಕೆಳಗಿತ್ತು.

ಅದು ಸೋವಿಯತ್ ಒಕ್ಕೂಟದ ವೇಗಾ 1. ಕೋಟ್ಯಂತರ ಕಿಲೋಮೀಟರ್ ದಾರಿ ತಪ್ಪದೆ ಬಂದಿತ್ತು. ಸೆಕೆಂಡಿಗೆ 10 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ವಾತಾವರಣಕ್ಕೆ ನುಗ್ಗಿ, ಸುಟ್ಟುಹೋಗದೆ ಉಳಿದಿತ್ತು. ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಂಡಿತ್ತು. ಕಷ್ಟದ ಕೆಲಸವನ್ನೆಲ್ಲ ಮುಗಿಸಿ, ನಾವು ನೀವು ಕಷ್ಟ ಅಂತಲೇ ಅಂದುಕೊಳ್ಳದ ಒಂದು ಕಡೆ ಎಡವಿತು. ನೆಲ ಯಾವುದು ಅಂತ ಗುರುತಿಸುವುದರಲ್ಲಿ.

ಬೇರೆ ಗ್ರಹಗಳ ಮೇಲೆ ನಮ್ಮ ನೌಕೆಗಳು ಇಳಿದ ಕತೆಯನ್ನು ಸಾಮಾನ್ಯವಾಗಿ ವೇಗದ ಕತೆಯಾಗಿ, ಬೆಂಕಿಯ ಕತೆಯಾಗಿ ಹೇಳುತ್ತಾರೆ. ಎಷ್ಟು ಜೋರಾಗಿ ಬಂತು, ಎಷ್ಟು ಕಾದಿತು, ಪ್ಯಾರಾಚೂಟ್ ಎಷ್ಟು ದೊಡ್ಡದು. ಅದೆಲ್ಲ ನಿಜವೇ. ಆದರೆ ನನಗೆ ಈಗೀಗ ಅದು ಬೇರೆಯದೇ ಕತೆಯಾಗಿ ಕಾಣುತ್ತದೆ. ನೆಲ ಅಂದರೇನು ಅಂತ ಒಂದು ಯಂತ್ರಕ್ಕೆ ಕಲಿಸಲು ಮನುಷ್ಯರು ಪಟ್ಟ ಪಾಡಿನ ಕತೆ. ಹಾಗೆ ನೋಡುವಂತೆ ಮಾಡಿದ್ದು ನಮ್ಮ ದೊಡ್ಡಪ್ಪ.

2023ರ ಆಗಸ್ಟ್ 23, ಚಂದ್ರಯಾನ-3 ಇಳಿಯುವ ಸಂಜೆ. ನಾನು ಮೈಸೂರಿನಿಂದ ಊರಿಗೆ ಹೋಗಿದ್ದೆ. ನಮ್ಮೂರು ಪಾಂಡವಪುರದ ಹತ್ತಿರ. ನಡುಮನೆಯಲ್ಲಿ ಟಿವಿ ಮುಂದೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿದ್ದರು. ದೊಡ್ಡಪ್ಪ ಗದ್ದೆಯಿಂದ ಬಂದು, ಕಾಲು ತೊಳೆದು, ಗೋಡೆಗೆ ಒರಗಿ ಕೂತಿದ್ದರು. ಪರದೆ ಮೇಲೆ ಒಂದು ಗೆರೆ ಬಾಗುತ್ತಾ ಕೆಳಗೆ ಬರುತ್ತಿತ್ತು. ಒಳಗೆ ಯಾರೂ ಇಲ್ಲ, ಇಲ್ಲಿಂದ ಯಾರೂ ಓಡಿಸುತ್ತಲೂ ಇಲ್ಲ, ಇನ್ನು ಎಲ್ಲಾ ಅದರದ್ದೇ ಲೆಕ್ಕ ಅಂತ ನಾನು ಮಕ್ಕಳಿಗೆ ಹೇಳುತ್ತಿದ್ದೆ.

“ಅಲ್ಲ ಕನ್ ಮಗ,” ಅಂದರು ದೊಡ್ಡಪ್ಪ. “ಒಳಗೆ ಯಾರೂ ಇಲ್ಲ ಅಂತೀಯ. ನೆಲ ಬಂತು ಅಂತ ಅದ್ಕೆ ಹೆಂಗ್ ಗೊತ್ತಾಯ್ತದೆ?”

“ಕಾಲಲ್ಲಿ ಸೆನ್ಸಾರ್ ಇರುತ್ತೆ ದೊಡ್ಡಪ್ಪ. ರೇಡಾರ್ ಇರುತ್ತೆ. ಲೇಸರ್ ಇರುತ್ತೆ.”

“ಅವು ಸುಳ್ ಯೋಳುದ್ರೆ?”

6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಇಳಿಯಿತು. ಮನೆ ತುಂಬ ಚಪ್ಪಾಳೆ. ಹೊರಗೆ ಪಟಾಕಿ. ಗದ್ದಲದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವುದು ಹಾಗೇ ಉಳಿಯಿತು. ಆಮೇಲೆ ಹಳೆಯ ಇಳಿಯುವಿಕೆಗಳ ಬಗ್ಗೆ ಓದುತ್ತಾ ಹೋದ ಹಾಗೆಲ್ಲ ಅದೇ ಪ್ರಶ್ನೆ ಎದುರು ಬಂತು. ಅವು ಸುಳ್ಳು ಹೇಳಿದರೆ? ಹೇಳಿವೆ. ಒಂದು ಸಲವಲ್ಲ.

ಮೊದಲು ಮೋಸ ಹೋದವರು ಮಾತ್ರ ಮನುಷ್ಯರೇ. 1967ರ ಅಕ್ಟೋಬರ್ 18ರಂದು ವೆನೆರಾ 4 ಶುಕ್ರನ ವಾತಾವರಣದೊಳಗೆ ಇಳಿಯಿತು. ಅದಕ್ಕೂ ಮುಂಚೆ, 1966ರ ಮಾರ್ಚ್‌ನಲ್ಲಿ, ವೆನೆರಾ 3 ಶುಕ್ರನಿಗೆ ಹೋಗಿ ಬಡಿದಿತ್ತು. ಆದರೆ ಅದರ ಮಾತು ದಾರಿಯಲ್ಲೇ ನಿಂತುಹೋಗಿತ್ತು. ಬೇರೊಂದು ಗ್ರಹದ ಗಾಳಿಯನ್ನು ಒಳಗಿನಿಂದಲೇ ಅಳೆದು ಸುದ್ದಿ ಕಳಿಸಿದ ಮೊದಲ ನೌಕೆ ವೆನೆರಾ 4.

ಆಗ ಶುಕ್ರನ ನೆಲ ಹೇಗಿದೆ ಅಂತ ಯಾರಿಗೂ ಖಾತ್ರಿಯಾಗಿ ಗೊತ್ತಿರಲಿಲ್ಲ. ದಪ್ಪ ಮೋಡದ ಕೆಳಗೆ ಒಣಗಿದ ಬಂಡೆ ಇರಬಹುದು. ಸಮುದ್ರವೂ ಇರಬಹುದು. ನೀರಿಗೆ ಬಿದ್ದರೆ ತೇಲಲಿ ಅಂತ ನೌಕೆಯನ್ನು ಹಾಗೇ ಕಟ್ಟಿದ್ದರು. ಆಂಟೆನಾ ಬಿಚ್ಚುವ ಕೊಂಡಿಯನ್ನು ಸಕ್ಕರೆಯಿಂದ ಮಾಡಿದ್ದರು. ನೀರು ಸೋಕಿದರೆ ಸಕ್ಕರೆ ಕರಗುತ್ತದೆ, ಕೊಂಡಿ ಕಳಚುತ್ತದೆ, ಆಂಟೆನಾ ಹೊರಗೆ ಬರುತ್ತದೆ. ವಿದ್ಯುತ್ ಬೇಡ, ಸೆನ್ಸಾರ್ ಬೇಡ. ನೀರು ಬಂತು ಅಂತ ಯಂತ್ರಕ್ಕೆ ಹೇಳುವ ಕೆಲಸವನ್ನು ಒಂದು ಚೂರು ಸಕ್ಕರೆಗೆ ಒಪ್ಪಿಸಿದ್ದರು.

ಇದನ್ನು ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದಾಗಿನಿಂದ ಮಂಡ್ಯದ ಬದುಕೇ ಸಕ್ಕರೆಯ ಸುತ್ತ ತಿರುಗಿದೆ. ಕಬ್ಬಿನ ಗಾಡಿಗಳ ಸಾಲು, ಆಲೆಮನೆಯ ಹೊಗೆ, ಬಿಲ್ಲು ಯಾವಾಗ ಬರುತ್ತೆ ಅನ್ನುವ ಚಿಂತೆ. ಆ ಸಕ್ಕರೆ ಶುಕ್ರನವರೆಗೂ ಹೋಗಿತ್ತು ಅಂದರೆ ಹೇಳದೆ ಇರೋದಕ್ಕೆ ಆಗುತ್ತಾ? ದೊಡ್ಡಪ್ಪನಿಗೆ ಫೋನ್ ಮಾಡಿದೆ.

“ಸಕ್ಕರೇನಾ?” ಅಂದರು. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ, “ಅಲ್ಲಿ ನೀರಿತ್ತಾ?”

“ಇಲ್ಲ ದೊಡ್ಡಪ್ಪ. ಸೀಸ ಕರಗುವಷ್ಟು ಬಿಸಿ.”

“ಹಂಗಾದ್ರೆ ಪಾಕ ಆಗಿ ಸೀದೋಗಿರ್ತದೆ ಬುಡು.”

ವೆನೆರಾ 4 ಇಳಿಯುತ್ತಾ ಒಂದೂವರೆ ಗಂಟೆ ಅಳತೆಗಳನ್ನು ಕಳಿಸಿತು. ಉಷ್ಣಾಂಶ 260 ಡಿಗ್ರಿ ಆಸುಪಾಸಿಗೆ ಬಂತು. ಒತ್ತಡ ನಮ್ಮಲ್ಲಿನ ಸುಮಾರು 20 ಪಟ್ಟಾಯಿತು. ಆಮೇಲೆ ಸದ್ದಿಲ್ಲ. ನೌಕೆ ನೆಲ ಮುಟ್ಟಿತು, ಹಾಗಾಗಿ ಮಾತು ನಿಂತಿತು ಅಂತ ಸೋವಿಯತ್ ಕಡೆಯವರು ಸಾರಿದರು. ಮಾರನೇ ದಿನವೇ ಅಮೆರಿಕದ ಮ್ಯಾರಿನರ್ 5 ಶುಕ್ರನ ಪಕ್ಕದಲ್ಲಿ ಹಾದುಹೋಯಿತು. ಅದರ ಅಳತೆಗಳನ್ನೂ, ಭೂಮಿಯಿಂದ ರೇಡಾರ್ ಹಾಯಿಸಿ ಕಂಡುಕೊಂಡಿದ್ದ ಶುಕ್ರನ ಗಾತ್ರವನ್ನೂ ಜೊತೆಗಿಟ್ಟು ನೋಡಿದರೆ ಲೆಕ್ಕ ಕೂಡಿಬರಲಿಲ್ಲ. ಕೊನೆಗೆ ಗೊತ್ತಾಗಿದ್ದು ಇದು. ವೆನೆರಾ 4 ಮಾತು ನಿಲ್ಲಿಸಿದ್ದು ಸುಮಾರು 25 ಕಿಲೋಮೀಟರ್ ಎತ್ತರದಲ್ಲಿ. ನೆಲ ಅದಕ್ಕೆ ಸಿಕ್ಕೇ ಇರಲಿಲ್ಲ. 1969ರ ಮೇ ತಿಂಗಳಲ್ಲಿ ಹೋದ ವೆನೆರಾ 5 ಮತ್ತು 6 ಕೂಡ ನೆಲ ಮುಟ್ಟುವ ಮುಂಚೆಯೇ ಒತ್ತಡಕ್ಕೆ ಅಪ್ಪಚ್ಚಿಯಾದವು.

ಇನ್ನು ವೆನೆರಾ 7. ಇಡೀ ಚರಿತ್ರೆಯಲ್ಲಿ ನನಗೆ ತುಂಬ ಹತ್ತಿರವಾದ ನೌಕೆ ಇದು.

ಈ ಸಲ ಗಟ್ಟಿ ಟೈಟಾನಿಯಂ ಗೋಳ ಮಾಡಿದ್ದರು. ಭೂಮಿಯ ಮೇಲಿನ ಒತ್ತಡದ 180 ಪಟ್ಟು ತಡೆಯಬಲ್ಲದ್ದು. ಅದು 1970ರ ಡಿಸೆಂಬರ್ 15ರಂದು ಶುಕ್ರನ ವಾತಾವರಣಕ್ಕೆ ಇಳಿಯಿತು. ಇಳಿಯುವಾಗಲೇ ಎರಡು ಎಡವಟ್ಟಾದವು. ಬೇರೆ ಬೇರೆ ಅಳತೆಗಳನ್ನು ಸರದಿಯಂತೆ ಕಳಿಸಬೇಕಿದ್ದ ಸ್ವಿಚ್ ಸಿಕ್ಕಿಹಾಕಿಕೊಂಡಿತು. ಹಾಗಾಗಿ ಒಂದೇ ಒಂದು ಅಳತೆ ಬರುತ್ತಿತ್ತು, ಉಷ್ಣಾಂಶ. ಆಮೇಲೆ ಪ್ಯಾರಾಚೂಟ್ ಕೈಕೊಟ್ಟಿತು. ಗೋಳ ಸೆಕೆಂಡಿಗೆ 16-17 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ಹೋಗಿ ಬಿತ್ತು. ಸಂಕೇತ ನಿಂತಿತು. ಕೇಳುತ್ತಾ ಕೂತಿದ್ದವರು ಇದೂ ಹೋಯಿತು ಅಂದುಕೊಂಡರು.

ಅತ್ತ ಟೇಪ್ ಮಾತ್ರ ಓಡುತ್ತಲೇ ಇತ್ತು. ವಾರಗಳು ಕಳೆದ ಮೇಲೆ ಅದನ್ನು ಮತ್ತೆ ಹಾಕಿ, ಬರೀ ಗೊರಗೊರ ಅನ್ನುವ ಕಡೆ ಸೋಸುತ್ತಾ ಹೋದರು. ಗೊರಗೊರದ ಅಡಿಯಲ್ಲಿ ಸಂಕೇತ ಸಿಕ್ಕಿತು. ಮೊದಲಿನ ನೂರರಲ್ಲಿ ಒಂದು ಪಾಲಿನಷ್ಟು ಸಣ್ಣಗೆ, ಆದರೆ ಬಿಡದೆ 23 ನಿಮಿಷ. ಗೋಳ ಬಿದ್ದ ರಭಸಕ್ಕೆ ಪಕ್ಕಕ್ಕೆ ಉರುಳಿರಬೇಕು, ಆಂಟೆನಾ ಭೂಮಿಯ ಕಡೆ ನೋಡುತ್ತಿರಲಿಲ್ಲ ಅಂತ ಅಂದಾಜು.

ಆ 23 ನಿಮಿಷದಲ್ಲಿ ಬಂದ ಸುದ್ದಿ ಏನು? ಒಂದೇ ಸಂಖ್ಯೆ. 475 ಡಿಗ್ರಿ. ಮತ್ತೆ 475. ಮತ್ತೆ ಅದೇ. ಬೇರೆ ಏನೂ ಇಲ್ಲ. ಆದರೆ ಒಂದು ಕ್ಷಣ ಯೋಚಿಸಿ ನೋಡಿ. ಶುಕ್ರನಲ್ಲಿ ಕೆಳಗೆ ಹೋದಷ್ಟೂ ಬಿಸಿ ಏರಬೇಕು. ಏರುವುದು ನಿಂತಿದೆ ಅಂದರೆ ಇಳಿಯುವುದೂ ನಿಂತಿದೆ. ರೇಡಿಯೋ ಅಲೆಯ ಏರಿಳಿತದಿಂದ ಲೆಕ್ಕ ಹಾಕಿದ ವೇಗವೂ ಸೊನ್ನೆ ಅಂತಲೇ ಹೇಳುತ್ತಿತ್ತು. ಕಾಲಿನ ಸೆನ್ಸಾರ್ ಇಲ್ಲ, ಕ್ಯಾಮೆರಾ ಇಲ್ಲ. ಬದಲಾಗದ ಒಂದು ಸಂಖ್ಯೆಯೇ ನೆಲಕ್ಕೆ ಸಾಕ್ಷಿಯಾಯಿತು. ಬೇರೊಂದು ಗ್ರಹದ ನೆಲದಿಂದ ಭೂಮಿಗೆ ಬಂದ ಮೊದಲ ಮಾತು ಅದೇ.

ಕೆಟ್ಟ ಸ್ವಿಚ್, ಹರಿದ ಪ್ಯಾರಾಚೂಟ್, ಪಕ್ಕಕ್ಕೆ ಬಿದ್ದ ಗೋಳ. ಇಷ್ಟೆಲ್ಲ ಆದ ಮೇಲೂ ಟೇಪನ್ನು ಎಸೆಯದೆ ಕೇಳಿದರಲ್ಲ, ಅವರಿಗೆ ನಾನು ಕೈ ಮುಗಿಯುತ್ತೇನೆ.

ಆಮೇಲೆ ಶುಕ್ರ ಸ್ವಲ್ಪ ಸ್ವಲ್ಪವಾಗಿ ಒಲಿದ. 1975ರ ಅಕ್ಟೋಬರ್ 22ರಂದು ಇಳಿದ ವೆನೆರಾ 9 ಬೇರೆ ಗ್ರಹದ ನೆಲದಿಂದ ಮೊದಲ ಚಿತ್ರ ಕಳಿಸಿತು. ಚೂಪು ಅಂಚಿನ ಕಲ್ಲುಗಳು, ಕಪ್ಪು ಬಿಳುಪಿನಲ್ಲಿ. ಅದು ಇಳಿದ ರೀತಿಯೂ ಚಂದ. ಪ್ಯಾರಾಚೂಟನ್ನು ಸುಮಾರು 50 ಕಿಲೋಮೀಟರ್ ಎತ್ತರದಲ್ಲೇ ಕಳಚಿ ಎಸೆದುಬಿಟ್ಟಿತು. ಅಲ್ಲಿಂದ ಕೆಳಕ್ಕೆ ಗಾಳಿ ಎಷ್ಟು ದಟ್ಟ ಅಂದರೆ ನೌಕೆಯ ಮೇಲಿದ್ದ ಒಂದು ಅಗಲದ ತಟ್ಟೆಯೇ ಬ್ರೇಕ್ ಆಗಿ ಸಾಕಾಯಿತು. ನೆಲ ಮುಟ್ಟಿದಾಗ ವೇಗ ಸೆಕೆಂಡಿಗೆ 7 ಮೀಟರ್. ಏಟು ಹೀರಿಕೊಳ್ಳಲು ಅಡಿಯಲ್ಲಿ ಒಂದು ದಪ್ಪ ಬಳೆ.

1982ರ ಮಾರ್ಚ್‌ನಲ್ಲಿ ವೆನೆರಾ 13 ಮತ್ತು 14 ಬಣ್ಣದ ಚಿತ್ರ ಕಳಿಸಿದವು. ಅರ್ಧ ಗಂಟೆ ಬದುಕಿದರೆ ಸಾಕು ಅಂತ ಕಟ್ಟಿದ್ದ ವೆನೆರಾ 13, 127 ನಿಮಿಷ ಬದುಕಿತು. ಶುಕ್ರನ ನೆಲದ ಮೇಲೆ ಇವತ್ತಿಗೂ ಅದೇ ದಾಖಲೆ. ವೆನೆರಾ 14ರಲ್ಲಿ ನೆಲ ಎಷ್ಟು ಗಟ್ಟಿ ಅಂತ ಒತ್ತಿ ನೋಡಲು ಸ್ಪ್ರಿಂಗಿನ ಒಂದು ತೋಳು ಇತ್ತು. ಕ್ಯಾಮೆರಾದ ಮುಚ್ಚಳ ಹಾರಿ ಬಿದ್ದ ಜಾಗಕ್ಕೇ ಸರಿಯಾಗಿ ಆ ತೋಳು ಇಳಿಯಿತು. ಅದು ಒತ್ತಿದ್ದು ತನ್ನದೇ ಮುಚ್ಚಳವನ್ನು. ಅಷ್ಟು ದೂರ ಹೋಗಿ, ನೆಲಕ್ಕೂ ತೋಳಿಗೂ ನಡುವೆ ಒಂದು ಮುಚ್ಚಳ ಅಡ್ಡ ಬಂದರೆ ಅದನ್ನು ಕಟ್ಟಿದವರ ಹೊಟ್ಟೆ ಎಷ್ಟು ಉರಿದಿರಬೇಡ!

ವೇಗಾ 1ರ ಕತೆ ಆಗಲೇ ಹೇಳಿದೆ. ನಾಲ್ಕು ದಿನದ ನಂತರ ಅದರ ಜೋಡಿ ವೇಗಾ 2 ಇಳಿಯಿತು. ಅದರ ಬೈರಿಗೆ ನಿಜವಾದ ನೆಲವನ್ನೇ ಕೊರೆಯಿತು. ಅದಾದ ಮೇಲೆ ಶುಕ್ರನ ಮೇಲೆ ಯಾರೂ ಇಳಿದಿಲ್ಲ. ಚಳಿಗಾಲದ ಬೆಳಗಿನ ಜಾವ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವವರು ಕೆಲವು ವರ್ಷ ಚಾಮುಂಡಿ ಬೆಟ್ಟದ ಕಡೆ ಬೆಳ್ಳಿ ಝಗ್ಗನೆ ಹೊಳೆಯುವುದನ್ನು ನೋಡಿರುತ್ತೀರಿ. ನಮ್ಮವರು ನಾಲೆ ನೀರಿನ ಸರದಿಗೆ ಏಳುತ್ತಿದ್ದದ್ದು ಅದನ್ನು ನೋಡಿಯೇ. ಅಲ್ಲಿಗೆ ಇಷ್ಟು ನೌಕೆಗಳು ಹೋಗಿ ಇಳಿದಿವೆ ಅಂತ ಹೇಳಿದರೆ ಎಷ್ಟೋ ಜನ ನಂಬುವುದೇ ಇಲ್ಲ. ಮಂಗಳನ ಸುದ್ದಿ ಮಾತ್ರ ಎಲ್ಲರಿಗೂ ಗೊತ್ತು. ಇದು ನನಗೆ ನಿಜವಾಗಿಯೂ ಬೇಜಾರಿನ ಸಂಗತಿ.

ಮಂಗಳನದು ಬೇರೆ ತಾಪತ್ರಯ. ಅಲ್ಲಿನ ಗಾಳಿ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ. ನೌಕೆಯನ್ನು ಸುಡುವುದಕ್ಕೆ ಅಷ್ಟು ಸಾಕು, ನಿಲ್ಲಿಸುವುದಕ್ಕೆ ಸಾಲದು. ಪ್ಯಾರಾಚೂಟ್ ಬಿಚ್ಚಿದ ಮೇಲೂ ವೇಗ ಉಳಿದಿರುತ್ತದೆ. ಹಾಗಾಗಿ ಕೊನೆಯ ಘಳಿಗೆಯಲ್ಲಿ ರಾಕೆಟ್ ಉರಿಸಬೇಕು ಅಥವಾ ಬೇರೇನಾದರೂ ಉಪಾಯ ಮಾಡಬೇಕು. ಜೊತೆಗೆ ಅಲ್ಲಿಂದ ರೇಡಿಯೋ ಮಾತು ಇಲ್ಲಿಗೆ ತಲುಪಲು ಹಲವು ನಿಮಿಷ ಬೇಕು. ನಮಗೆ ಇಳಿಯಲು ಶುರುವಾಯಿತು ಅನ್ನುವ ಸುದ್ದಿ ಬರುವಷ್ಟರಲ್ಲಿ ಅಲ್ಲಿ ಎಲ್ಲಾ ಮುಗಿದಿರುತ್ತದೆ.

1971ರ ನವೆಂಬರ್ 27ರಂದು ಸೋವಿಯತ್ತಿನ ಮಾರ್ಸ್ 2 ಅಪ್ಪಳಿಸಿ ಚೂರಾಯಿತು. ಡಿಸೆಂಬರ್ 2ರಂದು ಮಾರ್ಸ್ 3 ಮೆತ್ತಗೆ ಇಳಿಯಿತು. ಮಂಗಳನ ಮೇಲೆ ಅದೇ ಮೊದಲು. ಒಂದೂವರೆ ನಿಮಿಷದ ನಂತರ ಮಾತು ಶುರು ಮಾಡಿ, 20 ಸೆಕೆಂಡಿನೊಳಗೆ ನಿಲ್ಲಿಸಿತು. ಇಡೀ ಗ್ರಹವನ್ನು ದೂಳಿನ ಬಿರುಗಾಳಿ ಮುಚ್ಚಿತ್ತು. ಅದೇ ಹೊತ್ತಿನಲ್ಲಿ ಸುತ್ತು ಹಾಕುತ್ತಿದ್ದ ಅಮೆರಿಕದ ಮ್ಯಾರಿನರ್ 9 ದೂಳು ಇಳಿಯುವವರೆಗೆ ಸುಮ್ನೆ ಕಾದಿತ್ತು. ಮಾರ್ಸ್ 3ಕ್ಕೆ ಕಾಯುವ ಅವಕಾಶವೇ ಇರಲಿಲ್ಲ.

ಆ ಪಾಠ ವೈಕಿಂಗ್‌ನಲ್ಲಿ ಕಾಣುತ್ತದೆ. ಅದು ಮೊದಲು ಮಂಗಳನ ಸುತ್ತ ತಿರುಗಿತು. 1976ರ ಜುಲೈ 4ರಂದು, ಅಮೆರಿಕಕ್ಕೆ 200 ವರ್ಷ ತುಂಬಿದ ದಿನ, ಇಳಿಸಬೇಕು ಅಂತ ಆಸೆ ಇತ್ತು. ಮೇಲಿಂದ ಚಿತ್ರ ತೆಗೆದು ನೋಡಿದರೆ ಆರಿಸಿದ್ದ ಜಾಗ ತೀರಾ ಒರಟು. ಹಬ್ಬದ ದಿನ ಬಿಟ್ಟುಕೊಟ್ಟು ಬೇರೆ ಜಾಗ ಹುಡುಕಿದರು. ಜುಲೈ 20ರಂದು ವೈಕಿಂಗ್ 1 ಇಳಿಯಿತು. ಇಳಿದು 25 ಸೆಕೆಂಡಿಗೆ ಮೊದಲ ಚಿತ್ರ ತೆಗೆಯಲು ಶುರು ಮಾಡಿತು. ಏನನ್ನು? ದೂರದ ಬೆಟ್ಟವನ್ನಲ್ಲ, ತನ್ನದೇ ಪಾದವನ್ನು. ಮಣ್ಣಿನ ಮೇಲೆ ಊರಿದ ಪಾದ. ನನಗಂತೂ ಈ ಚಿತ್ರದಷ್ಟು ಇಷ್ಟವಾದದ್ದು ಬೇರೆ ಇಲ್ಲ.

1997ರ ಜುಲೈ 4ರಂದು ಇಳಿದ ಪಾತ್‌ಫೈಂಡರ್ ದೊಡ್ಡಪ್ಪನ ಪ್ರಶ್ನೆಯನ್ನೇ ಸುಲಭ ಮಾಡಿಕೊಂಡಿತು. ಸುತ್ತಲೂ ಗಾಳಿಚೀಲ ಉಬ್ಬಿಸಿಕೊಂಡು ಬಿದ್ದು, ಕನಿಷ್ಠ 15 ಸಲ ಪುಟಿದು, ಉರುಳಿ ನಿಂತಿತು. ಯಾವ ಮಗ್ಗುಲಿಗೆ ಬಿದ್ದರೂ ದಳ ಬಿಚ್ಚಿ ತಾನೇ ನೆಟ್ಟಗಾಗುವಂತೆ ಕಟ್ಟಿದ್ದರು. ನೆಲ ಯಾವ ಗಳಿಗೆಯಲ್ಲಿ ಬರುತ್ತೆ ಅಂತ ಕರಾರುವಾಕ್ಕಾಗಿ ಗೊತ್ತಾಗಬೇಕಾದ ಹಂಗೇ ಕಡಿಮೆ. 2004ರ ಜನವರಿಯಲ್ಲಿ ಸ್ಪಿರಿಟ್ ಮತ್ತು ಆಪರ್ಚುನಿಟಿ ಇಳಿದದ್ದೂ ಹೀಗೆಯೇ. ಆದರೆ ಭಾರ ಹೆಚ್ಚಾದಂತೆ ಗಾಳಿಚೀಲ ತಡೆಯುವುದಿಲ್ಲ.

ಪಾತ್‌ಫೈಂಡರ್‌ಗೂ ಈ ಜೋಡಿಗೂ ನಡುವೆ, 1999ರ ಡಿಸೆಂಬರ್ 3ರಂದು, ಮಾರ್ಸ್ ಪೋಲಾರ್ ಲ್ಯಾಂಡರ್. ಇದು ಕಾಲೂರಿ ಇಳಿಯಬೇಕಿದ್ದ ನೌಕೆ. ನೆಲ ಮುಟ್ಟಿದ ತಕ್ಷಣ ಕಾಲಿನ ಸೆನ್ಸಾರ್ ಹೇಳಬೇಕು, ಎಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ನೌಕೆ ಮಗುಚುತ್ತದೆ. ಇಳಿಯುವಾಗ ಅದು ಮಾತಾಡುವ ವ್ಯವಸ್ಥೆಯೇ ಇರಲಿಲ್ಲ, ಹಾಗಾಗಿ ಏನಾಯಿತು ಅಂತ ಕಣ್ಣಾರೆ ಕಂಡವರಿಲ್ಲ. ತನಿಖೆ ಮಾಡಿದವರು ಹೆಚ್ಚು ಸಂಭವ ಅಂತ ಹೇಳಿದ ಕಾರಣ ಇದು. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲೆ ಮಡಚಿದ ಕಾಲುಗಳು ಬಿಚ್ಚಿಕೊಂಡವು. ಬಿಚ್ಚಿದ ಜರ್ಕಿಗೆ ಸೆನ್ಸಾರ್ ಒಂದು ಕ್ಷಣ ‘ಮುಟ್ಟಿದೆ’ ಅಂದಿತು. ಸಾಫ್ಟ್‌ವೇರ್ ಆ ಮಾತನ್ನು ಮರೆಯಲಿಲ್ಲ. 40 ಮೀಟರ್ ಎತ್ತರಕ್ಕೆ ಬಂದಾಗ ಸೆನ್ಸಾರ್ ಏನು ಹೇಳಿದೆ ಅಂತ ನೋಡಿತು. ಮುಟ್ಟಿದೆ ಅಂತ ಬರೆದಿತ್ತು. ಎಂಜಿನ್ ಆಫ್ ಮಾಡಿತು. ಅಲ್ಲಿಂದ ನೌಕೆ ಕಲ್ಲಿನಂತೆ ಬಿತ್ತು.

ಇದರಲ್ಲಿ ಕರುಳು ಚುರ್ ಅನ್ನಿಸುವ ಒಂದು ವಿವರ ಇದೆ. ಕಾಲು ಬಿಚ್ಚುವ ಪರೀಕ್ಷೆಯನ್ನು ಭೂಮಿಯ ಮೇಲೆ ಮಾಡಿದ್ದರು. ಆಗ ಸೆನ್ಸಾರ್‌ಗೆ ವೈರ್ ತಪ್ಪಾಗಿ ಜೋಡಿಸಿತ್ತು, ಸುಳ್ಳು ಸಂಕೇತ ಕಾಣಲಿಲ್ಲ. ವೈರ್ ಸರಿ ಮಾಡಿದ ಮೇಲೆ ಕಾಲು ಬಿಚ್ಚುವುದರಿಂದ ಹಿಡಿದು ಆ ಪರೀಕ್ಷೆಯನ್ನು ಮತ್ತೆ ಮಾಡಲಿಲ್ಲ. ಮಾಡಿದ್ದರೆ ಸಿಕ್ಕಿಬೀಳುತ್ತಿತ್ತು. ಆ ಅಪಘಾತದ ನಂತರ ರದ್ದಾದ ಇನ್ನೊಂದು ಯಾನಕ್ಕೆ ಕಟ್ಟಿದ್ದ ಲ್ಯಾಂಡರನ್ನೇ ಮುಂದೆ ಕೂಲಂಕಷವಾಗಿ ತಿದ್ದಿ ಫೀನಿಕ್ಸ್ ಮಾಡಿದರು. 2008ರ ಮೇ 25ರಂದು ಅದು ಕಾಲೂರಿ ಇಳಿದು, ಮಣ್ಣು ಕೆರೆದು, ಮಂಜುಗಡ್ಡೆ ತೋರಿಸಿತು.

ಶನಿಯ ಚಂದ್ರ ಟೈಟನ್ನಿನ ಮೇಲೆ 2005ರ ಜನವರಿ 14ರಂದು ಹೈಗನ್ಸ್ ಇಳಿದದ್ದನ್ನೂ ಇಲ್ಲೇ ಹೇಳಬೇಕು. ಗ್ರಹವಲ್ಲ, ಆದರೂ ವೆನೆರಾ 4ರ ತಮ್ಮ ಅದು. ಕೆಳಗೆ ಗಟ್ಟಿ ನೆಲವೋ, ದ್ರವವೋ ಅಂತ ಗೊತ್ತಿಲ್ಲದೆ ಹೋಗಿತ್ತು. ಎರಡಕ್ಕೂ ತಯಾರಾಗಿತ್ತು. ಸಿಕ್ಕಿದ್ದು ಒದ್ದೆ ಮರಳಿನಂಥ ನೆಲ.

ನೆಲವನ್ನು ಗುರುತಿಸಲು ಇಲ್ಲಿಯವರೆಗೆ ಕಂಡುಕೊಂಡ ಉಪಾಯಗಳಲ್ಲಿ ಸೊಗಸಾದದ್ದು ಮಂಗಳನ ಮೇಲೆ ಇಳಿದ ಕ್ಯೂರಿಯಾಸಿಟಿಯದು ಅಂತ ನನ್ನ ಅಭಿಪ್ರಾಯ. 2012ರ ಆಗಸ್ಟ್ 6, ನಮ್ಮಲ್ಲಿ ಸೋಮವಾರ ಬೆಳಗ್ಗೆ 11 ಗಂಟೆ. 899 ಕಿಲೋ ತೂಕದ ರೋವರ್. ಎಂಟು ಎಂಜಿನ್ನಿನ ಒಂದು ವಾಹನ ಗಾಳಿಯಲ್ಲಿ ತೇಲುತ್ತಾ, ರೋವರನ್ನು ಹಗ್ಗ ಬಿಟ್ಟು ಕೆಳಗಿಳಿಸಿತು. ಎಲ್ಲರೂ ಆ ಹಗ್ಗದ ಬಗ್ಗೆ ಮಾತಾಡುತ್ತಾರೆ. ನನಗೆ ಇಷ್ಟವಾದದ್ದು ಅದಕ್ಕೆ ನೆಲ ಗೊತ್ತಾದ ರೀತಿ. ರೋವರ್‌ನ ಚಕ್ರದಲ್ಲಿ ನೆಲ ಮುಟ್ಟಿತು ಅಂತ ಹೇಳುವ ಸ್ವಿಚ್ ಇರಲಿಲ್ಲ. ಮೇಲಿನ ವಾಹನ ತನ್ನ ಎಂಜಿನ್ ಎಷ್ಟು ದುಡಿಯುತ್ತಿದೆ ಅಂತ ನೋಡಿಕೊಳ್ಳುತ್ತಿತ್ತು. ರೋವರ್ ನೆಲಕ್ಕೆ ಕೂತ ಕೂಡಲೇ ಭಾರ ಕಡಿಮೆ. ಅಷ್ಟೇ ವೇಗದಲ್ಲಿ ಇಳಿಯಲು ಅರ್ಧ ಶಕ್ತಿ ಸಾಕು. ಆ ಸ್ಥಿತಿ ಒಂದು ಕ್ಷಣ ಹಾಗೇ ನಿಂತರೆ, ನೆಲ ಬಂದಿದೆ. ಹಗ್ಗ ಕತ್ತರಿಸು, ದೂರ ಹಾರಿ ಹೋಗಿ ಬೀಳು.

ಇದನ್ನು ದೊಡ್ಡಪ್ಪನಿಗೆ ಹೇಳಲು ಚಿತ್ರ ಬರೆಯಬೇಕಾಗಲಿಲ್ಲ. “ಕಬ್ಬಿನ ಹೊರೆ ತಲೆ ಮೇಲಿಂದ ಜಗಲಿಗೆ ಕೂರುಸ್ದಂಗೆ,” ಅಂದರು. “ಕಣ್ ಮುಚ್ಕೊಂಡಿದ್ರೂ ಗೊತ್ತಾಯ್ತದೆ ಕತ್ತಿಗೆ.”

ಏಟಿನಂತೆ ಇದು ಒಂದು ಕ್ಷಣದ ಸಂಗತಿಯಲ್ಲ. ಗಾಳಿ ಗುದ್ದಿದರೆ ಏಟು ಬೀಳಬಹುದು. ಆದರೆ ಭಾರ ಇಳಿದು ಇಳಿದ ಹಾಗೇ ಇರಬೇಕಾದರೆ ಕೆಳಗೆ ಅದನ್ನು ಹೊರುವ ನೆಲ ಇರಲೇಬೇಕು.

ಇಷ್ಟು ಗೊತ್ತಾದ ಮೇಲೂ 2016ರ ಅಕ್ಟೋಬರ್ 19ರಂದು ಯುರೋಪಿನ ಸ್ಕಿಯಾಪರೆಲ್ಲಿ ಅದೇ ಹಳ್ಳಕ್ಕೆ ಬಿತ್ತು. ಪ್ಯಾರಾಚೂಟ್ ಬಿಚ್ಚಿದಾಗ ನೌಕೆ ಜೋರಾಗಿ ತೂಗಾಡಿತು. ತಿರುಗುವ ವೇಗ ಅಳೆಯುವ ಉಪಕರಣ ತನ್ನ ಮಿತಿ ಮುಟ್ಟಿ, ಸುಮಾರು ಒಂದು ಸೆಕೆಂಡು ಅಲ್ಲೇ ನಿಂತಿತು. ಆ ತಪ್ಪು ಅಂಕಿಯನ್ನು ಹಿಡಿದು ಕಂಪ್ಯೂಟರ್ ಎತ್ತರ ಲೆಕ್ಕ ಹಾಕಿತು. ಉತ್ತರ ಸೊನ್ನೆಗಿಂತ ಕೆಳಗೆ ಬಂತು. ಅಂದರೆ ನೌಕೆ ನೆಲದೊಳಗೆ ಇದೆ ಅಂತ. ಅದು ಪ್ಯಾರಾಚೂಟ್ ಕಳಚಿತು, ಮೂರು ಸೆಕೆಂಡು ರಾಕೆಟ್ ಉರಿಸಿ ಆರಿಸಿತು, ನೆಲದ ಮೇಲಿನ ಕೆಲಸಗಳನ್ನು ಶುರು ಮಾಡಿತು. ಆಗ ಅದು ಇದ್ದದ್ದು 3.7 ಕಿಲೋಮೀಟರ್ ಎತ್ತರದಲ್ಲಿ. ಆದರೆ ಈ ನೌಕೆ ಇಳಿಯುತ್ತಾ ಮಾತಾಡಿತ್ತು. ಪ್ರತಿ ಹಂತದ ದಾಖಲೆ ಸಿಕ್ಕಿತು. ಪೋಲಾರ್ ಲ್ಯಾಂಡರ್ ವಿಷಯದಲ್ಲಿ ಊಹೆ ಮಾಡಬೇಕಾಗಿದ್ದದ್ದು ಇಲ್ಲಿ ಕಣ್ಣೆದುರೇ ಇತ್ತು.

ಬೀಗಲ್ 2ರದು ಇದಕ್ಕೆ ತಿರುಗುಮುರುಗು ಕತೆ. 2003ರ ಡಿಸೆಂಬರ್ 25ರಂದು ಇಳಿಯಬೇಕಿದ್ದ ಬ್ರಿಟನ್ನಿನ ಈ ಸಣ್ಣ ನೌಕೆಯಿಂದ ಒಂದು ಮಾತೂ ಬರಲಿಲ್ಲ. ಬಿದ್ದು ಒಡೆಯಿತು ಅಂತಲೇ ಬಹಳ ಜನ ನಂಬಿದರು. 2015ರ ಜನವರಿಯಲ್ಲಿ ಮಂಗಳನ ಸುತ್ತ ತಿರುಗುವ ನೌಕೆಯ ಚಿತ್ರಗಳಲ್ಲಿ ಅದು ಸಿಕ್ಕಿತು. ನೆಲದ ಮೇಲೆ ಇಡಿಯಾಗಿ ಕೂತಿತ್ತು. ಸೌರಫಲಕಗಳು ಪೂರ್ತಿ ತೆರೆದುಕೊಳ್ಳದೆ ಆಂಟೆನಾಗೆ ಅಡ್ಡವಾಗಿದ್ದವು. ಅದಕ್ಕಾಗಿ ವರ್ಷಗಟ್ಟಲೆ ದುಡಿದ ಕಾಲಿನ್ ಪಿಲಿಂಜರ್ ಅದಕ್ಕೆ ಕೆಲವೇ ತಿಂಗಳ ಮುಂಚೆ, 2014ರ ಮೇನಲ್ಲಿ, ತೀರಿಕೊಂಡಿದ್ದರು. ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

2021ರ ಫೆಬ್ರವರಿ 18ರಂದು ಪರ್ಸಿವರೆನ್ಸ್ ಇಳಿಯಿತು. ನಮ್ಮಲ್ಲಿ ಆಗ 19ನೇ ತಾರೀಕಿನ ನಡುರಾತ್ರಿ ದಾಟಿತ್ತು. ನೌಕೆ ನೆಲ ಮುಟ್ಟಿತು ಅಂತ ಜಗತ್ತಿಗೆ ಹೇಳಿದ ದನಿ ಬೆಂಗಳೂರಿನಲ್ಲಿ ಹುಟ್ಟಿದ ಸ್ವಾತಿ ಮೋಹನ್ ಅವರದು. ಈ ನೌಕೆಗೆ ಕಣ್ಣೂ ಇತ್ತು. ಇಳಿಯುತ್ತಾ ಕೆಳಗಿನ ಚಿತ್ರ ತೆಗೆದು, ತನ್ನೊಳಗಿದ್ದ ನಕ್ಷೆಗೆ ಹೋಲಿಸಿ, ತಾನೆಲ್ಲಿದ್ದೇನೆ ಅಂತ ತಾನೇ ಕಂಡುಕೊಂಡಿತು. ವೈಕಿಂಗ್ ಕಾಲದಲ್ಲಿ ಇಲ್ಲಿ ಇಳಿಯಬಹುದು ಅಂತ ಗುರುತು ಹಾಕಿದ ಜಾಗ ಸುಮಾರು 280 ಕಿಲೋಮೀಟರ್ ಉದ್ದ, 100 ಕಿಲೋಮೀಟರ್ ಅಗಲ. ಮೈಸೂರಿನಿಂದ ಬೆಂಗಳೂರು ದಾಟಿ ಅಷ್ಟೇ ದೂರ ಮುಂದೆ ಹೋಗಬೇಕು. ಪರ್ಸಿವರೆನ್ಸ್‌ಗೆ ಗುರುತು ಹಾಕಿದ ಜಾಗ ಎಂಟು ಕಿಲೋಮೀಟರ್ ಕೂಡ ಇಲ್ಲ, ಮೈಸೂರು ಊರೊಳಗೇ ಮುಗಿದುಹೋಗುತ್ತದೆ. ಅದೇ ವರ್ಷ ಮೇ ತಿಂಗಳಲ್ಲಿ ಚೀನಾದ ಜುರಾಂಗ್ ಮೊದಲ ಪ್ರಯತ್ನದಲ್ಲೇ ಮಂಗಳನ ಮೇಲೆ ಇಳಿಯಿತು.

ಚಂದ್ರ ಗ್ರಹವಲ್ಲ ಅನ್ನುವುದು ನಿಜ. ಆದರೆ ದೊಡ್ಡಪ್ಪ ಕೇಳಿದ್ದು ವಿಕ್ರಮ್ ನೋಡಿಯೇ ಅಲ್ವಾ? 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ಲ್ಯಾಂಡರ್ ಬಿದ್ದಾಗ ಎಂಜಿನ್‌ಗಳ ನೂಕು ಲೆಕ್ಕಕ್ಕಿಂತ ಜಾಸ್ತಿಯಾಗಿತ್ತು. ಸಣ್ಣ ಸಣ್ಣ ತಪ್ಪುಗಳು ಒಟ್ಟುಗೂಡಿದವು. ತಿದ್ದಿಕೊಳ್ಳಲು ನೌಕೆಗೆ ಅಷ್ಟು ಬೇಗ ಹೊರಳಲು ಆಗಲಿಲ್ಲ. ಇಳಿಯಬೇಕಿದ್ದ ಜಾಗವೂ 500 ಮೀಟರ್ ಚೌಕ ಮಾತ್ರ. ಚಂದ್ರಯಾನ-3ರಲ್ಲಿ ಆ ಜಾಗವನ್ನು ಕಿಲೋಮೀಟರ್‌ಗಟ್ಟಲೆ ದೊಡ್ಡದು ಮಾಡಿದರು. ಕಾಲು ಗಟ್ಟಿ ಮಾಡಿದರು, ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಕೂತರೂ ತಡೆಯುವಂತೆ. ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಸೇರಿಸಿದರು. ಯಾವುದೋ ಒಂದು ಸುಳ್ಳು ಹೇಳಿದರೂ ಇಳಿಯುವಂತಿರಬೇಕು ಅನ್ನುವುದೇ ಅದರ ಹಿಂದಿನ ಯೋಚನೆ. ದೊಡ್ಡಪ್ಪ ಕೇಳಿದ್ದಕ್ಕೆ ನಾನು ಆವತ್ತು ಕೊಡಬೇಕಿದ್ದ ಉತ್ತರ ಇದು. ಆಮೇಲೆ ಕೊಟ್ಟೆ. ತಲೆಯಾಡಿಸಿದರು. “ಮತ್ತೆ ಬೆಳ್ಳಿಗೆ ಯಾವಾಗ ಹೋಗೋದು?” ಅಂದರು.

ಹೋಗುವುದು ಗೊತ್ತಾಗಿದೆ. ಶುಕ್ರನ ಸುತ್ತ ತಿರುಗುವ ಇಸ್ರೋ ನೌಕೆಗೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. 2028ರಲ್ಲಿ ಹಾರಿಸುವ ಯೋಜನೆ. ಅದು ಇಳಿಯುವುದಿಲ್ಲ. ಆದರೆ ಮೋಡದ ಮೂಲಕ ನೆಲವನ್ನು ನೋಡುವ ರೇಡಾರ್ ಅದರಲ್ಲಿ ಇರುತ್ತದೆ. ನನಗೆ ಆಸೆ ಇರುವುದು ಅದರ ಮೇಲೇ. ಶುಕ್ರನಲ್ಲಿ ಇಳಿಯುವ ಮುಂದಿನ ನೌಕೆಗೆ ಒಳ್ಳೆಯ ನಕ್ಷೆ ಬೇಕು. ಯಾವ ಜಾಗದಲ್ಲಿ ನೆಲ ಎಷ್ಟು ಎತ್ತರದಲ್ಲಿದೆ ಅನ್ನುವ ನಕ್ಷೆ. ಅದೊಂದಿದ್ದರೆ ಉಳಿದದ್ದನ್ನು ಅಲ್ಲಿನ ಗಾಳಿಯೇ ಹೇಳುತ್ತದೆ. ವೇಗಾ 1ಕ್ಕೆ ಏಟು ಬಿದ್ದ 20 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನೆಲದಲ್ಲಿರುವುದರ ಕಾಲು ಭಾಗದಷ್ಟು ಮಾತ್ರ. ಬಿಸಿಯೂ ಒಂದೂವರೆ ನೂರು ಡಿಗ್ರಿ ಕಮ್ಮಿ. ಏಟೊಂದನ್ನೇ ನಂಬದೆ ಸುತ್ತಲಿನ ಗಾಳಿಯನ್ನೂ ಒಂದು ಮಾತು ಕೇಳುವಂತೆ ಕಟ್ಟಿದ್ದರೆ, ಇದು ನೆಲವಲ್ಲ, ಇನ್ನೂ ಇಳಿ ಅಂತ ಅದು ಹೇಳುತ್ತಿತ್ತು. ವೆನೆರಾ 7ರ ನೆಲವನ್ನು ನಮಗೆ ತೋರಿಸಿಕೊಟ್ಟದ್ದೂ ಅದೇ ಗಾಳಿಯ ಬಿಸಿ. ಮುಂದೆ ಶುಕ್ರನಿಗೆ ಲ್ಯಾಂಡರ್ ಕಟ್ಟುವವರು ರೇಡಾರ್, ಕ್ಯಾಮೆರಾ, ಕಾಲಿನ ಸ್ವಿಚ್ ಏನು ಬೇಕಾದರೂ ಹಾಕಲಿ. ಜೊತೆಗೆ ಒಂದು ಉಷ್ಣಮಾಪಕ, ಒಂದು ಒತ್ತಡಮಾಪಕ ಇಟ್ಟು, ಅವೆರಡೂ ಒಪ್ಪಿದ ಮೇಲೆಯೇ ಬೈರಿಗೆ ತಿರುಗುವಂತೆ ಮಾಡಲಿ.